ಲಿಸ್ಬನ್ನಿನಿಂದ ಮರಳಿ ಬಂದ ವರ್ಷ

ಪ್ರೀತಿಯ ಕುಟ್ಟಿ,

ಈ ಪತ್ರವನ್ನು ನಿನ್ನೊಬ್ಬನಿಗೇ ಕಳುಹಿಸಬಹುದಾಗಿತ್ತು. ಆದರೆ ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ನಮ್ಮ ಜೊತೆ ನಿಂತು ಗಂಟಲು ಹರಿದುಕೊಂಡವರೂ ಓದಲಿ ಎಂದು ಎಲ್ಲರ ಮುಂದೆ ಇಡುತ್ತಿದ್ದೇನೆ. ಬೇಕರಿಯ ಮೂರನೆಯ ಪಫ್ ಯಾರದೆಂಬ ನಮ್ಮ ಹಳೆಯ ಪ್ರಶ್ನೆಯನ್ನು ಮಾತ್ರ ಇಲ್ಲಿ ಎತ್ತುವುದಿಲ್ಲ.

ಕಳೆದ ಭಾನುವಾರ ಮಗನಿಗೆ ಫುಟ್‌ಬಾಲ್ ಆಟಗಾರ ಸುನಿಲ್ ಛೇತ್ರಿಯವರ ಕಥೆ ಹೇಳುತ್ತಿದ್ದೆ. ನನ್ನ ಬಾಯಲ್ಲಿ ಆ ಕಥೆ ಯಾವಾಗಲೂ 2013ರಿಂದಲೇ ಶುರುವಾಗುತ್ತದೆಂಬುದು ನಿನಗೆ ಗೊತ್ತು: ಬೆಂಗಳೂರು ಎಫ್‌ಸಿ ಕ್ಲಬ್ ಹುಟ್ಟಿದ್ದು, ಕಂಠೀರವಕ್ಕೆ ಬರುವ ಮೊದಲು ಅಶೋಕನಗರದ ಮೈದಾನದಲ್ಲಿ ಆಡಿದ್ದು, ಮೊದಲ ವರ್ಷವೇ ಅಂದಿನ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದದ್ದು. ಹುಡುಗ, "ಅದಕ್ಕೂ ಮುಂಚೆ ಎಲ್ಲಿ ಆಡ್ತಿದ್ರು?" ಎಂದು ಕೇಳಿದ. ಬೆರಳು ಮಡಚುತ್ತಾ ಹೋದೆ. ಒಂದು ಕೈ ಸಾಲಲಿಲ್ಲ.

2002ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್, ಅಲ್ಲಿಂದ ಪಂಜಾಬಿನ ಜೆಸಿಟಿ, ಮತ್ತೆ ಕೋಲ್ಕತ್ತಕ್ಕೆ ಬಂದು ಈಸ್ಟ್ ಬೆಂಗಾಲ್, ಆಮೇಲೆ ಗೋವಾದ ಡೆಂಪೊ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಮಾತುಕತೆ ಕುದುರಿತ್ತು. ಫಿಫಾದ ದೇಶಗಳ ರ‍್ಯಾಂಕಿಂಗ್ ಪಟ್ಟಿಯ ಮೊದಲ 70 ಸ್ಥಾನಗಳಲ್ಲಿ ಭಾರತ ಇಲ್ಲವೆಂದು ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ. ಒಬ್ಬ ಆಟಗಾರನ ಕಾಲಿಗೆ ಅವನ ದೇಶದ ಸ್ಥಾನಮಾನವನ್ನು ಕಟ್ಟಿಹಾಕುವ ಆ ನಿಯಮ ನನಗೆ ಇಂದಿಗೂ ಅನ್ಯಾಯವೆಂದೇ ಕಾಣುತ್ತದೆ. 2010ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿ ವಿಝರ್ಡ್ಸ್ ಸೇರಿದರು. ಅಲ್ಲಿನ ಅಗ್ರ ಲೀಗ್ ಆದ ಮೇಜರ್ ಲೀಗ್ ಸಾಕರ್‌ನ ಒಂದೇ ಒಂದು ಪಂದ್ಯಕ್ಕೂ ಇಳಿಯದೆ ಹಿಂದಿರುಗಿದರು. ಬಳಿಕ ಚಿರಾಗ್ ಯುನೈಟೆಡ್, ಮತ್ತೊಮ್ಮೆ ಮೋಹನ್ ಬಾಗಾನ್, 2012ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ನಗರದ ಸ್ಪೋರ್ಟಿಂಗ್ ಕ್ಲಬ್.

ಸ್ಪೋರ್ಟಿಂಗ್ ಎಂದೊಡನೆ ನಾವು ಕುಣಿದಾಡಿದ್ದೆವು, ನೆನಪಿದೆಯೇ? ಅವರಿಗೆ ಸಿಕ್ಕಿದ್ದು ಎರಡನೆಯ ದರ್ಜೆಯ ಲೀಗ್‌ನಲ್ಲಿ ಆಡುತ್ತಿದ್ದ ಬಿ ತಂಡ. ಸೆಪ್ಟೆಂಬರ್‌ನಲ್ಲಿ ಫ್ರೆಯಮುಂಡೆ ತಂಡದ ವಿರುದ್ಧ, ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ, ಬದಲಿ ಆಟಗಾರನಾಗಿ ಮೊದಲ ಸಲ ಇಳಿದರು. ಆ ದೃಶ್ಯವನ್ನು ನಾನು ನೋಡಿಲ್ಲ, ಆದರೂ ಅದು ಕಣ್ಣಿಂದ ಹೋಗುತ್ತಿಲ್ಲ: ಸ್ವಂತ ದೇಶದ ನಾಯಕ, ಇಪ್ಪತ್ತೆಂಟರ ಪ್ರಾಯ, ಗೆರೆಯಾಚೆ ಕಾಲುಚೀಲ ಎಳೆದುಕೊಳ್ಳುತ್ತಾ, ಸಂಖ್ಯೆಯ ಫಲಕ ಮೇಲೇಳುವುದನ್ನೇ ಕಾಯುತ್ತಾ ನಿಂತಿರುವುದು. 2013ರ ಆರಂಭದಲ್ಲಿ ಸ್ಪೋರ್ಟಿಂಗ್ ಅವರನ್ನು ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ, ಕಳುಹಿಸಿತು. ಆ ಋತುವಿನ ಐ-ಲೀಗ್ ಚರ್ಚಿಲ್ ಪಾಲಾಯಿತು. ಬೆಂಗಳೂರಿಗೆ ಬಂದದ್ದು ಆಮೇಲೆ.

ಅದೇ 2013ರ ಬೇಸಿಗೆಯಲ್ಲಿ ನೀನೂ ಗೋವಾದಿಂದ ಬಂದೆ. ನಮ್ಮ ಮನೆಯ ನಡುಮನೆಯಲ್ಲಿ ಬ್ಯಾಗ್ ಬಿಚ್ಚಿದಾಗ ನೋವಿನ ಮುಲಾಮಿನ ವಾಸನೆ ಹರಡಿತು. ಬೂಟಿನ ಸ್ಟಡ್‌ಗಳ ನಡುವೆ ಕೆಂಪುಮಣ್ಣು ಗಟ್ಟಿಯಾಗಿ ಕೂತಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆಯಾಗಿ ಮಡಚಿಟ್ಟಿದ್ದ ಕರಾರಿನ ಜೆರಾಕ್ಸ್ ತೆಗೆದು, "ಇನ್ನೊಂದು ಸೀಸನ್‌ಗೆ ಕರೀತಿದಾರೆ, ದುಡ್ಡು ಕಮ್ಮಿ. ಹೋಗಲಾ?" ಎಂದು ಕೇಳಿದೆ. "ಸಾಕು ಮಾರಾಯ, ಇನ್ನೆಷ್ಟು ಊರು ಸುತ್ತುತ್ತೀಯ? ಒಂದು ಕಡೆ ನಿಲ್ಲು" ಎಂದೆ ನಾನು. ನೀನು ವಾದಿಸಲಿಲ್ಲ. ಎರಡು ತಿಂಗಳಲ್ಲಿ ಕಾರ್ಖಾನೆಯ ಕೆಲಸಕ್ಕೆ ಸೇರಿದೆ. ಕೇಳಿದವರಿಗೆಲ್ಲ ಮೊಣಕಾಲಿನ ಕಥೆ ಹೇಳಿದೆವು.

ಆ ಮಾತನ್ನು ನಿನ್ನ ಅಮ್ಮ ನನ್ನಿಂದ ಹೇಳಿಸಿದರೆಂದು ನೀನು ಇಷ್ಟು ವರ್ಷ ನಂಬಿದ್ದೀಯ, ಹಾಗೆ ನಂಬಲು ನಾನೇ ಬಿಟ್ಟೆ. ಅಮ್ಮ ಏನೂ ಹೇಳಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆಯ್ಕೆಯ ದಿನ ನಿನ್ನ ಹೆಸರು ಕೂಗಿ ನನ್ನದನ್ನು ಕೂಗದೆ ಹೋದಾಗಿನಿಂದ ನನ್ನೊಳಗೆ ಏನೋ ಕುಟುಕುತ್ತಲೇ ಇತ್ತು. ನೀನು ಪ್ರತಿ ಸಲ ರೈಲು ಹತ್ತಿದಾಗಲೂ ಅದು ಏಳುತ್ತಿತ್ತು, ಬರಿಗೈಯಲ್ಲಿ ಬಂದಾಗ ಸ್ವಲ್ಪ ತಣ್ಣಗಾಗುತ್ತಿತ್ತು. ನೀನು ಮುಂದುವರಿದಿದ್ದರೆ ಛೇತ್ರಿಯಾಗುತ್ತಿದ್ದೆ ಎಂದು ಹೇಳುತ್ತಿಲ್ಲ. ಬಹುಶಃ ಇನ್ನೆರಡು ಊರು, ಇನ್ನೆರಡು ಕಡಿಮೆ ದುಡ್ಡಿನ ಕರಾರು, ಅಷ್ಟೇ ಇರುತ್ತಿತ್ತು. ಆದರೆ ಹೋಗುವುದು, ಬೆಂಚಿನಲ್ಲಿ ಕೂರುವುದು, ಮರಳುವುದು, ಮತ್ತೆ ಹೊರಡುವುದು, ಇದೇ ಒಬ್ಬ ಆಟಗಾರನ ದುಡಿಮೆ. ಅದನ್ನು ನಾನು ಸೋಲೆಂದು ಹೆಸರಿಟ್ಟು ಕರೆದೆ. ಲಿಸ್ಬನ್ನಿನಿಂದ ಮರಳಿದ ಆ ಮನುಷ್ಯನ ಪಕ್ಕದಲ್ಲಿ ಅಂದು ನನ್ನಂಥ ಗೆಳೆಯನೊಬ್ಬ ಇದ್ದಿದ್ದರೆ, ನಾವಿಬ್ಬರೂ ಕಂಠೀರವದಲ್ಲಿ ಯಾರ ಹೆಸರು ಕೂಗುತ್ತಿದ್ದೆವೋ ಎಂದು ಯೋಚಿಸುತ್ತಾ ಭಾನುವಾರದಿಂದ ನಿದ್ದೆ ಸರಿಯಾಗಿ ಬಂದಿಲ್ಲ.

ಇಷ್ಟು ಬರೆಯಬೇಕೆಂದು ಕುಳಿತಿರಲಿಲ್ಲ. ಇರಲಿ, ಬೇರೆ ಸುದ್ದಿ ಹೇಳುತ್ತೇನೆ. ನೀನು ಅಂದು ನಮ್ಮ ಅಟ್ಟದ ಮೇಲೆಸೆದು ಹೋದ ಬೂಟುಗಳನ್ನು ಮಗ ಹುಡುಕಿ ಇಳಿಸಿದ್ದಾನೆ. ತುದಿಗೆ ಪೇಪರ್ ತುರುಕಿ ಮನೆಯೊಳಗೆಲ್ಲ ಟಕಟಕ ನಡೆಯುತ್ತಾನೆ. ಅವನ ಅಮ್ಮ ಬೈಯುವುದು ನನಗೆ. ಎಡಗಾಲಿನಿಂದ ಚೆಂಡು ಎತ್ತಿ ಹಾಕುವುದು ಅವನಿಗೆ ಬರುತ್ತಿಲ್ಲ, ಅದನ್ನು ಹೇಳಿಕೊಡಲು ನನಗೂ ಬರುವುದಿಲ್ಲ. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಮೈದಾನಕ್ಕೆ ಬಾ. ಬರುವಾಗ ಪಫ್ ಮೂರು ತಾ, ಮೂರನೆಯದು ಅವನಿಗೆ.

ನಿನ್ನ,
ಸ್ಟೆಪ್ನಿ