ನೂರು ಎಂದು ತೋರಿಸುವ ಬ್ಯಾಟರಿಯಲ್ಲಿ ನೂರು ಇಲ್ಲ

ಇಂದ,
ನಿಮ್ಮ ಒಬ್ಬ ಗ್ರಾಹಕ, ವೈರಿಂಗ್ ಮತ್ತು ಮೋಟಾರ್ ರಿಪೇರಿ ಕೆಲಸದವನು
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು
ಮೊಬೈಲ್ ಕಂಪನಿ, ಬೆಂಗಳೂರು ಕಚೇರಿ

ದಿನಾಂಕ: 14 ಜುಲೈ 2025

ವಿಷಯ: ಎಂಟು ತಿಂಗಳ ಹಿಂದೆ ಕೊಂಡ ಫೋನಿನ ಬ್ಯಾಟರಿ ಮತ್ತು ಚಾರ್ಜಿಂಗ್ ದೋಷ. ಮೂರು ಸಲ ಸರ್ವಿಸ್ ಸೆಂಟರಿಗೆ ಹೋದರೂ ಸರಿಯಾಗಿ ಪರೀಕ್ಷೆ ಮಾಡದೇ ಇರುವುದು.

ಮಾನ್ಯರೇ,

2024ರ ನವೆಂಬರ್ 9ರಂದು, ದೀಪಾವಳಿ ಕಳೆದ ಮರುವಾರ, ಶಿವಮೊಗ್ಗದ ಅಂಗಡಿಯೊಂದರಲ್ಲಿ ನಿಮ್ಮ ಫೋನ್ ಕೊಂಡೆ. ಬೆಲೆ 21,999 ರೂಪಾಯಿ. ಫೋನ್ ನನಗಲ್ಲ, ನನ್ನ ಹೆಂಡತಿಗೆ. ಅವಳು ಆಶಾ ಕಾರ್ಯಕರ್ತೆ. ಅರ್ಧ ದುಡ್ಡು ಅವಳು ಗೌರವಧನದಲ್ಲಿ ಕೂಡಿಟ್ಟದ್ದು. ಉಳಿದದ್ದು ನನ್ನದು.

ಈ ಫೋನನ್ನೇ ಯಾಕೆ ಆರಿಸಿದೆವು ಎಂದು ಹೇಳಿದರೆ ನನ್ನ ದೂರು ನಿಮಗೆ ಅರ್ಥವಾಗುತ್ತದೆ. ನಮ್ಮದು ಮಲೆನಾಡು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ತುಂಡಾದರೆ ಕರೆಂಟು ಒಂದು ದಿನ, ಎರಡು ದಿನ ಬರುವುದಿಲ್ಲ. ಬಂದರೂ ಒಂದು ಗಂಟೆ ಇದ್ದು ಮತ್ತೆ ಹೋಗುತ್ತದೆ. ಆ ಒಂದು ಗಂಟೆಯಲ್ಲಿ ಫೋನ್ ಫುಲ್ ಆಗಬೇಕು. ನಿಮ್ಮ ಡಬ್ಬದ ಮೇಲೆ 5000 ಎಂಎಎಚ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಎನ್ನುವ ಅಳತೆ), 67 ವ್ಯಾಟ್ (ಎಷ್ಟು ಜೋರಾಗಿ ಚಾರ್ಜ್ ಆಗುತ್ತದೆ ಎನ್ನುವ ಅಳತೆ), 45 ನಿಮಿಷಕ್ಕೆ ಪೂರ್ತಿ ಚಾರ್ಜ್ ಎಂದು ಇತ್ತು. ಕ್ಯಾಮೆರಾ ಎಷ್ಟು, ಬಣ್ಣ ಯಾವುದು ಎಂದು ನಾವು ಕೇಳಲೇ ಇಲ್ಲ. ಬ್ಯಾಟರಿ ನೋಡಿ ದುಡ್ಡು ಕೊಟ್ಟೆವು.

ಮೊದಲ ಐದು ತಿಂಗಳು ಹೇಳಿದ ಹಾಗೇ ನಡೆಯಿತು. ಬೆಳಗ್ಗೆ ತಿಂಡಿ ಮಾಡುವಷ್ಟರಲ್ಲಿ ಫುಲ್. ರಾತ್ರಿ ಮಲಗುವಾಗ ಇನ್ನೂ 30 ಉಳಿದಿರುತ್ತಿತ್ತು. ಏಪ್ರಿಲ್‌ನಿಂದ ಕೆಟ್ಟಿತು. ಚಾರ್ಜ್ ಆಗುವುದು ನಿಧಾನ, ಇಳಿಯುವುದು ಬೇಗ, ಹಿಂಭಾಗ ಮುಟ್ಟಿದರೆ ಬಿಸಿ.

ಏಪ್ರಿಲ್ ಕೊನೆಯ ವಾರ ಒಂದು ಸಂಜೆ ಗಾಳಿ ಮಳೆ. ನನ್ನ ಹೆಂಡತಿ ಒಬ್ಬ ಬಸುರಿಯ ಮನೆಗೆ ಹೋಗಿದ್ದಳು. ಅಲ್ಲಿರುವಾಗಲೇ ಆಕೆಗೆ ನೋವು ಶುರುವಾಯಿತು. ಆ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಹಿಂದಿನ ದರೆ, ಅಂದರೆ ಎತ್ತರದ ದಿಣ್ಣೆ, ಹತ್ತಬೇಕು. ಇವಳು ಕೊಡೆ ಹಿಡಿದು ದರೆ ಹತ್ತಿ 108ಕ್ಕೆ ಫೋನ್ ಮಾಡಿದಳು. ಬ್ಯಾಟರಿ 17 ಪರ್ಸೆಂಟ್ ತೋರಿಸುತ್ತಿತ್ತು. ಊರಿನ ಹೆಸರು ಹೇಳುವಷ್ಟರಲ್ಲಿ ಪರದೆ ಕಪ್ಪಾಯಿತು. ಮತ್ತೆ ಆನ್ ಮಾಡಿದರೆ ಕಂಪನಿಯ ಹೆಸರು ಬಂದು ಆಫ್. ದರೆ ಇಳಿದು, ಗದ್ದೆ ದಾಟಿ, ಪಕ್ಕದ ಮನೆಯವರ ಫೋನ್ ತಂದು ಮತ್ತೆ ಹತ್ತುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು. ದೇವರ ದಯೆ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಆ ರಾತ್ರಿ ಅವಳು ಮನೆಗೆ ಬಂದು ನೆನೆದ ಸೀರೆಯಲ್ಲೇ ಕೂತು ಅತ್ತದ್ದನ್ನು ನಾನು ನೋಡಿದ್ದೇನೆ. 17 ಇತ್ತಲ್ಲಾ ಎನ್ನುವುದೊಂದೇ ಮಾತು.

ಮೇ 12ರಂದು ಶಿವಮೊಗ್ಗದ ನಿಮ್ಮ ಸರ್ವಿಸ್ ಸೆಂಟರಿಗೆ ಹೋದೆ. ನಮ್ಮಲ್ಲಿಂದ ಸುಮಾರು 60 ಕಿಲೋಮೀಟರ್. ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ. ಕೌಂಟರಿನಲ್ಲಿದ್ದ ಹುಡುಗ ಬಿಲ್ ನೋಡಿ, ಬ್ಯಾಟರಿ ಮತ್ತು ಚಾರ್ಜರಿಗೆ ಆರು ತಿಂಗಳು ಮಾತ್ರ, ನೀವು ಮೂರು ದಿನ ತಡ ಎಂದರು. ಆಮೇಲೆ ನನ್ನ ಒತ್ತಾಯಕ್ಕೆ ಫೋನ್ ಒಳಗೆ ತೆಗೆದುಕೊಂಡು ಹೋಗಿ 20 ನಿಮಿಷ ಚಾರ್ಜಿಗೆ ಹಾಕಿದರು. ಎಸಿ ರೂಮು. 40 ಇದ್ದದ್ದು 55 ಆಯಿತು. ‘ಬ್ಯಾಟರಿ ಓಕೆ, ಚಾರ್ಜಿಂಗ್ ಓಕೆ’ ಎಂದು ಚೀಟಿ ಬರೆದು ಕೊಟ್ಟರು. 20 ನಿಮಿಷಕ್ಕೆ 15 ಏರುವುದು 67 ವ್ಯಾಟ್ ಫೋನಿಗೆ ಓಕೆ ಹೇಗಾಗುತ್ತದೆ? ಇದನ್ನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಜೂನ್ 2ರಂದು ಮತ್ತೆ ಹೋದಾಗ ಸಾಫ್ಟ್‌ವೇರ್ ಹೊಸದಾಗಿ ಹಾಕಿ ಕೊಟ್ಟರು. ಏನೂ ಬದಲಾಗಲಿಲ್ಲ. ಜೂನ್ 23ರಂದು ಮೂರನೇ ಸಲ ಹೋದೆ. ಆಗ ಹೇಳಿದ್ದು: ‘ನಿಮ್ಮ ಮಲೆನಾಡಲ್ಲಿ ಸಿಗ್ನಲ್ ಇಲ್ಲ ಅಲ್ವಾ ಸಾರ್, ಅದಕ್ಕೇ ಬ್ಯಾಟರಿ ಬೇಗ ಹೋಗುತ್ತೆ.’

ಈ ಮಾತು ಪೂರ್ತಿ ಸುಳ್ಳಲ್ಲ. ಟವರ್ ದೂರ ಇದ್ದರೆ ಫೋನ್ ಜಾಸ್ತಿ ಶಕ್ತಿ ಹಾಕಿ ಕೂಗಬೇಕಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ನನಗೂ ಗೊತ್ತು. ಆದರೆ ಸಿಗ್ನಲ್ ಇಲ್ಲದ್ದಕ್ಕೆ ಚಾರ್ಜ್ ಏರುವುದು ಯಾಕೆ ನಿಧಾನವಾಗಬೇಕು? 17ರಲ್ಲಿ ಯಾಕೆ ಆಫ್ ಆಗಬೇಕು? ಈ ಕಾರಣ ನಿಜವೋ ಅಲ್ಲವೋ ಎಂದು ಸುಮ್ನೆ ವಾದ ಮಾಡುವ ಬದಲು ನಾನೇ ಪರೀಕ್ಷೆ ಮಾಡಿದೆ. ಜೂನ್ 24ರಿಂದ ಜುಲೈ 5ರವರೆಗೆ, ಹನ್ನೆರಡು ದಿನ. ಆ ಹನ್ನೆರಡು ದಿನ ಹೆಂಡತಿ ನನ್ನ ಹಳೆಯ ಕೀಪ್ಯಾಡ್ ಫೋನಿನಲ್ಲಿ ಕೆಲಸ ಮಾಡಿದಳು.

ಮೊದಲು ಫೋನನ್ನು ರೀಸೆಟ್ ಮಾಡಿದೆ. ಹೊರಗಿನ ಒಂದೂ ಆ್ಯಪ್ ಹಾಕಲಿಲ್ಲ. ಸಿಮ್ ತೆಗೆದು ಫ್ಲೈಟ್ ಮೋಡ್‌ನಲ್ಲಿ ಇಟ್ಟೆ. ಹೋಲಿಸಿ ನೋಡಲು ನನ್ನ ಸ್ವಂತ ಫೋನನ್ನೂ ಪಕ್ಕದಲ್ಲಿ ಇಟ್ಟುಕೊಂಡೆ. ಅದು ಬೇರೆ ಕಂಪನಿಯದು, ಎರಡು ವರ್ಷ ಹಳೆಯದು, ಅದಕ್ಕೂ 5000 ಎಂಎಎಚ್ ಬ್ಯಾಟರಿ.

ರಾತ್ರಿ ಹತ್ತಕ್ಕೆ ಎರಡನ್ನೂ 100ಕ್ಕೆ ತುಂಬಿಸಿ ಪರದೆ ಆಫ್ ಮಾಡಿ ಮೇಜಿನ ಮೇಲೆ ಇಟ್ಟೆ. ಬೆಳಗ್ಗೆ ಆರಕ್ಕೆ ನೋಡಿದರೆ ನನ್ನದು 99. ನಿಮ್ಮದು 91. ಮೂರು ರಾತ್ರಿ ಹೀಗೇ ಮಾಡಿದೆ, ಹೆಚ್ಚು ಕಡಿಮೆ ಅದೇ ಲೆಕ್ಕ. ಫ್ಲೈಟ್ ಮೋಡ್‌ನಲ್ಲಿ ಫೋನ್ ಟವರ್ ಹುಡುಕುವುದೇ ಇಲ್ಲ. ಹಾಗಾದರೆ 9 ಪರ್ಸೆಂಟ್ ಎಲ್ಲಿ ಹೋಯಿತು? ಬ್ಯಾಟರಿಯೇ ಸೋರುತ್ತಿದೆಯೋ, ಬೋರ್ಡಿನಲ್ಲಿ ಏನೋ ಕರೆಂಟು ಎಳೆಯುತ್ತಿದೆಯೋ, ಬಿಚ್ಚಿದರೆ ತಿಳಿಯುತ್ತದೆ. ನಾನು ಬಿಚ್ಚುವಂತಿಲ್ಲ, ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದು ನೀವೇ ಬರೆದಿದ್ದೀರಿ.

ಆಮೇಲೆ ಫೋನಿನಲ್ಲೇ ತುಂಬಿಸಿಟ್ಟ ಒಂದು ವಿಡಿಯೋವನ್ನು ಬೆಳಕು ಅರ್ಧಕ್ಕೆ ಇಟ್ಟು ಮತ್ತೆ ಮತ್ತೆ ಓಡಿಸಿದೆ. ನನ್ನ ಎರಡು ವರ್ಷ ಹಳೆಯ ಫೋನ್ 13 ಗಂಟೆ ದಾಟಿ ಓಡಿತು, 1 ಪರ್ಸೆಂಟ್‌ವರೆಗೂ ಇಳಿದು ಆಫ್ ಆಯಿತು. ನಿಮ್ಮದು 8 ಗಂಟೆ 20 ನಿಮಿಷಕ್ಕೆ ನಿಂತಿತು. ನಿಂತಾಗ ಪರದೆಯ ಮೇಲೆ 14 ಇತ್ತು. ಎರಡನೇ ಸಲ 16ರಲ್ಲಿ ನಿಂತಿತು. ದರೆ ಮೇಲೆ 17ರಲ್ಲಿ ಆಫ್ ಆದದ್ದು ಆಕಸ್ಮಿಕ ಅಲ್ಲ ಎಂದು ಆವತ್ತು ಖಾತ್ರಿಯಾಯಿತು.

ಇನ್ನು ಚಾರ್ಜಿಂಗ್. ಇದನ್ನು ದಯವಿಟ್ಟು ನಿಮ್ಮ ತಾಂತ್ರಿಕ ವಿಭಾಗದವರು ಓದಬೇಕು. ಚಾರ್ಜರಿಗೂ ಕೇಬಲ್ಲಿಗೂ ನಡುವೆ ಮೀಟರ್ ಸಿಕ್ಕಿಸಿದರೆ ಫಾಸ್ಟ್ ಚಾರ್ಜಿಂಗ್ ತಪ್ಪಿಹೋಗುತ್ತದೆ ಎಂದು ನೀವು ಹೇಳಬಹುದು. ಚಾರ್ಜರ್ ಮತ್ತು ಫೋನ್ ಆ ತಂತಿಯಲ್ಲೇ ಮಾತಾಡಿಕೊಳ್ಳುತ್ತವೆ, ನಿಜ. ಅದಕ್ಕೇ ನಾನು ಅಲ್ಲಿ ಕೈ ಹಾಕಲಿಲ್ಲ. ಗೋಡೆಯ ಪ್ಲಗ್ಗಿಗೆ ಮೀಟರ್ ಹಾಕಿ, ಅದಕ್ಕೆ ನಿಮ್ಮದೇ ಚಾರ್ಜರ್, ನಿಮ್ಮದೇ ಕೇಬಲ್ ಹಾಕಿದೆ. ಫೋನಿನ ಕವರ್ ತೆಗೆದಿದ್ದೆ. ಮಳೆ ಸುರಿಯುತ್ತಿತ್ತು, ರೂಮಿನಲ್ಲಿ 25 ಡಿಗ್ರಿ.

5 ಪರ್ಸೆಂಟ್‌ನಿಂದ ಶುರು ಮಾಡಿದೆ. ಮೀಟರಿನಲ್ಲಿ 62 ವ್ಯಾಟ್ ಬಂತು. ಎರಡೇ ನಿಮಿಷ. ಆಮೇಲೆ ದಡಕ್ಕನೆ 14ಕ್ಕೆ ಇಳಿಯಿತು. ಪ್ಯಾನೆಲ್ ಬೋರ್ಡ್ ನೋಡಲು ಇಟ್ಟುಕೊಂಡಿರುವ ಗನ್ ಥರ್ಮಾಮೀಟರ್ ಹಿಡಿದೆ, ಫೋನಿನ ಬೆನ್ನು 43 ಡಿಗ್ರಿ. 80 ಪರ್ಸೆಂಟ್ ಆಗಲು 52 ನಿಮಿಷ ಬೇಕಾಯಿತು. ಅಲ್ಲಿಂದ ಮುಂದೆ ಮೀಟರ್ 3 ವ್ಯಾಟ್ ಆಸುಪಾಸಿನಲ್ಲಿ ತೆವಳಿತು. 80 ದಾಟಿದ ಮೇಲೆ ಯಾವ ಲಿಥಿಯಂ ಬ್ಯಾಟರಿಯೂ ನಿಧಾನವಾಗಿಯೇ ತುಂಬುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ 100 ಎಂದು ಬರುವಾಗ ಒಟ್ಟು 2 ಗಂಟೆ 10 ನಿಮಿಷ ಆಗಿತ್ತು. ನೀವು ಹೇಳಿದ್ದು 45 ನಿಮಿಷ.

ಮುಖ್ಯ ವಿಷಯ ಇದಲ್ಲ. ಮೀಟರಿನಲ್ಲಿ ಒಟ್ಟು ಎಷ್ಟು ಕರೆಂಟು ಹೋಯಿತು ಎಂದು ನೋಡಿದೆ. 17 ವ್ಯಾಟ್ ಅವರ್, ಅಂದರೆ ಒಂದು ಯೂನಿಟ್ಟಿನ ಸಾವಿರದಲ್ಲಿ 17 ಭಾಗ. 5000 ಎಂಎಎಚ್ ಬ್ಯಾಟರಿ, 3.87 ವೋಲ್ಟ್ ಎಂದರೆ ಒಳಗೆ ಸುಮಾರು 19 ವ್ಯಾಟ್ ಅವರ್ ಹಿಡಿಯಬೇಕು. ಚಾರ್ಜರಿನಲ್ಲಿ, ಫೋನಿನಲ್ಲಿ ಬಿಸಿಯಾಗಿ ಹೋಗುವುದನ್ನೂ ಸೇರಿಸಿದರೆ ಗೋಡೆಯಿಂದ 22, 23 ಎಳೆಯಬೇಕು. ನನ್ನ ಹಳೆಯ ಫೋನ್ ಅದೇ ಮೀಟರಿನಲ್ಲಿ 22 ಎಳೆಯಿತು. ನಿಮ್ಮದು ಮೂರು ಸಲ ಅಳೆದಾಗ 17, 17, 16. ಅಂದರೆ ಬ್ಯಾಟರಿ ಹೆಚ್ಚು ಕಡಿಮೆ ಮುಕ್ಕಾಲು ಭಾಗ ಮಾತ್ರ ಹಿಡಿಯುತ್ತಿದೆ. ಪರದೆ ಮಾತ್ರ 100 ಎನ್ನುತ್ತದೆ. ಆ ಪರ್ಸೆಂಟ್ ಎನ್ನುವುದು ಫೋನ್ ಲೆಕ್ಕ ಹಾಕಿ ಹೇಳುವ ಅಂದಾಜು. ಮೀಟರ್ ಹೇಳುವುದು ಗೋಡೆಯಿಂದ ನಿಜವಾಗಿ ಎಳೆದದ್ದು. ನಿಮ್ಮ ಸರ್ವಿಸ್ ಸೆಂಟರಿನವರು ಪರದೆಯನ್ನು ಮಾತ್ರ ನೋಡಿ ಓಕೆ ಎಂದಿದ್ದಾರೆ.

ಚಾರ್ಜರ್ ಕೆಟ್ಟಿರಬಹುದು ಎಂಬ ಅನುಮಾನವೂ ಬೇಡ ಎಂದು, ಫೋನ್ ಕೊಂಡ ಅಂಗಡಿಯವರನ್ನು ಕೇಳಿ ಅದೇ ಮಾಡೆಲ್ಲಿನ ಹೊಸ ಚಾರ್ಜರ್ ಮತ್ತು ಕೇಬಲ್ ಒಂದು ದಿನಕ್ಕೆ ತಂದು ನೋಡಿದೆ. ಅದರಲ್ಲೂ ಎರಡು ನಿಮಿಷ 62, ಆಮೇಲೆ 14. ದೋಷ ಫೋನಿನ ಒಳಗಿದೆ.

ಮೋಟಾರ್ ಕೆಲಸ ಮಾಡುವವನಾಗಿ ನನಗೆ ತೋಚುವುದು ಇಷ್ಟು. ಬ್ಯಾಟರಿಯ ಒಳಗೆ ಕರೆಂಟಿಗೆ ಆಗುವ ತಡೆ ಏರಿದೆ. ಅದಕ್ಕೇ ಚಾರ್ಜಿಗೆ ಹಾಕಿದರೆ ಬಿಸಿಯಾಗುತ್ತದೆ. ಬಿಸಿಯಾದ್ದರಿಂದ ಫೋನ್ ತಾನೇ ಚಾರ್ಜಿಂಗ್ ಇಳಿಸುತ್ತದೆ. ಕೊನೆಯಲ್ಲಿ ಲೋಡ್ ಬಿದ್ದ ಕೂಡಲೇ ವೋಲ್ಟೇಜ್ ಕುಸಿದು 14, 16, 17ರಲ್ಲಿ ಆಫ್ ಆಗುತ್ತದೆ. ನಾನು ತಪ್ಪಿರಬಹುದು. ತಪ್ಪಿದ್ದರೆ ಬಿಚ್ಚಿ, ಅಳೆದು, ಅಂಕಿ ಬರೆದು ತೋರಿಸಿ. ಒಪ್ಪಿಕೊಳ್ಳುತ್ತೇನೆ.

ಇನ್ನು ಆ ಆರು ತಿಂಗಳ ಮಾತು. ನಿಮ್ಮ ವಾರಂಟಿ ಕಾರ್ಡನ್ನು ಮೂರು ಸಲ ಓದಿದ್ದೇನೆ. ಫೋನಿಗೆ 12 ತಿಂಗಳು, ಡಬ್ಬದಲ್ಲಿ ಜೊತೆಗೆ ಬರುವ ಚಾರ್ಜರ್ ಮತ್ತು ಕೇಬಲ್ಲಿಗೆ 6 ತಿಂಗಳು ಎಂದಿದೆ. ಬ್ಯಾಟರಿಗೆ ಬೇರೆ ಲೆಕ್ಕ ಎಲ್ಲೂ ಇಲ್ಲ. ಹಿಂದೆ ಬ್ಯಾಟರಿಯನ್ನು ಉಗುರಿನಲ್ಲಿ ಎತ್ತಿ ತೆಗೆಯುತ್ತಿದ್ದೆವು, ಅಂಗಡಿಯಲ್ಲಿ ಬೇರೆ ಕೊಳ್ಳುತ್ತಿದ್ದೆವು. ಆಗ ಅದನ್ನು ಜೊತೆಯ ಸಾಮಾನು ಎಂದರೆ ಒಪ್ಪಬಹುದಿತ್ತು. ಈಗ ನೀವೇ ಗಮ್ ಹಾಕಿ ಒಳಗೆ ಅಂಟಿಸಿ, ಮೇಲೆ ಗಾಜು ಮುಚ್ಚಿ ಕೊಡುತ್ತೀರಿ. ಅದು ಫೋನಿನ ಅಂಗ. ಅದಕ್ಕೂ 12 ತಿಂಗಳೇ.

ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ ಇದುವರೆಗೆ ಆಗಿರುವುದು 214 ಸೈಕಲ್ (ಪೂರ್ತಿ ಬ್ಯಾಟರಿ ಒಂದು ಸಲ ಖರ್ಚಾಗಿ ಮತ್ತೆ ತುಂಬಿದರೆ ಒಂದು ಸೈಕಲ್). ಯುರೋಪ್ ಒಕ್ಕೂಟದಲ್ಲಿ ಕಳೆದ ತಿಂಗಳು 20ರಿಂದ ಒಂದು ನಿಯಮ ಬಂದಿದೆ. ಹೊಸದಾಗಿ ಮಾರುಕಟ್ಟೆಗೆ ಬರುವ ಫೋನಿನ ಬ್ಯಾಟರಿ 800 ಸೈಕಲ್ ಆದ ಮೇಲೂ ಕಡಿಮೆ ಎಂದರೆ 80 ಪರ್ಸೆಂಟ್ ಹಿಡಿಯಬೇಕು. ಆ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ, ಗೊತ್ತು. ಆದರೆ ಅಲ್ಲಿ 800 ಸೈಕಲ್ ಬಾಳುವ ಬ್ಯಾಟರಿ ಮಾಡಲು ಆಗುತ್ತದೆ ಎಂದಾದರೆ, ಇಲ್ಲಿ 214ಕ್ಕೇ ಸೋಲುವ ಬ್ಯಾಟರಿಯನ್ನು ಓಕೆ ಎಂದು ಹೇಗೆ ಬರೆದುಕೊಡುತ್ತೀರಿ? ನಮ್ಮ ದುಡ್ಡೂ ದುಡ್ಡೇ.

ನನಗೆ ಬೇಕಾಗಿರುವುದು ಹೆಚ್ಚೇನಿಲ್ಲ. ನನ್ನ ಎದುರಿಗೆ, ಗೋಡೆಯ ಮೀಟರ್ ಹಾಕಿ, 5ರಿಂದ 100ರವರೆಗೆ ಒಂದು ಸಲ ಪೂರ್ತಿ ಚಾರ್ಜ್ ಮಾಡಿ, ಎಷ್ಟು ನಿಮಿಷ, ಎಷ್ಟು ವ್ಯಾಟ್ ಅವರ್, ಎಷ್ಟು ಡಿಗ್ರಿ ಎಂದು ಚೀಟಿಯಲ್ಲಿ ಬರೆಯಿರಿ. ದೋಷ ಕಂಡರೆ ಕಂಪನಿಯದೇ ಹೊಸ ಬ್ಯಾಟರಿಯನ್ನು ವಾರಂಟಿಯಲ್ಲಿ ಹಾಕಿಕೊಡಿ. ಆಮೇಲೂ ರಾತ್ರಿ ಹೊತ್ತು 9 ಪರ್ಸೆಂಟ್ ಇಳಿಯುವುದು ನಿಲ್ಲದಿದ್ದರೆ ಬೋರ್ಡ್ ನೋಡಿ. ಎರಡರಿಂದಲೂ ಸರಿಹೋಗದಿದ್ದರೆ ಫೋನ್ ಬದಲಿಸಿ, ಇಲ್ಲವೇ 21,999 ರೂಪಾಯಿ ವಾಪಸ್ ಕೊಡಿ. ಮೂರು ಸಲ ಓಡಾಡಿದ ಬಸ್ ಟಿಕೆಟ್ಟುಗಳನ್ನೂ ಇಟ್ಟುಕೊಂಡಿದ್ದೇನೆ. ನಾಲ್ಕನೇ ಸಲ ಬರಿಗೈಯಲ್ಲಿ ವಾಪಸ್ ಕಳಿಸಬೇಡಿ.

ಕೌಂಟರಿನ ಆ ಹುಡುಗನ ಮೇಲೆ ನನ್ನ ಸಿಟ್ಟಿಲ್ಲ, ಅವರಿಗೆ ತೊಂದರೆ ಕೊಡಬೇಡಿ. 20 ನಿಮಿಷದಲ್ಲಿ ಮುಗಿಸಿ ಎಂದು ಅವರಿಗೆ ಹೇಳಿಕೊಟ್ಟ ಪದ್ಧತಿ ಬದಲಾಗಬೇಕು.

ಈ ಪತ್ರ ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಬೇಕು. ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದ ಅವಧಿಯೂ ಇದೆ. ಆದರೆ ಅಲ್ಲಿಯವರೆಗೆ ಹೋಗುವ ಮನಸ್ಸು ನನಗಿಲ್ಲ. ಫೋನ್ ಸರಿಹೋದರೆ ಸಾಕು.

ಇನ್ನೊಂದು ವಿನಂತಿ. ಫೋನನ್ನು ರಿಪೇರಿಗೆ ಇಟ್ಟುಕೊಳ್ಳುವುದಾದರೆ ಅಷ್ಟು ದಿನಕ್ಕೆ ಬದಲಿ ಫೋನ್ ಒಂದನ್ನು ಕೊಡಿ. ಅವಳ ಪಟ್ಟಿಯಲ್ಲಿ ಈ ತಿಂಗಳು ಮತ್ತು ಮುಂದಿನ ತಿಂಗಳು ಹೆರಿಗೆಯಾಗುವ ನಾಲ್ಕು ಹೆಂಗಸರು ಇದ್ದಾರೆ.

ಇತಿ ತಮ್ಮ ವಿಶ್ವಾಸಿ,
(ಸಹಿ)

ಲಗತ್ತು: ಬಿಲ್ಲಿನ ಪ್ರತಿ, ವಾರಂಟಿ ಕಾರ್ಡಿನ ಪ್ರತಿ, ಸರ್ವಿಸ್ ಸೆಂಟರಿನ ಮೂರು ಚೀಟಿಗಳು, ಹನ್ನೆರಡು ದಿನದ ಅಳತೆ ಬರೆದ ನೋಟ್‌ಬುಕ್ಕಿನ ಪುಟಗಳು, ಮೀಟರ್ ಮತ್ತು ಥರ್ಮಾಮೀಟರಿನ ಫೋಟೋಗಳು.