ಬಾಡಿಗೆ ಮೇಜಿನಿಂದ ಎಲ್ಲರಿಗೂ ಥ್ಯಾಂಕ್ಸ್

ಹೋದ ವಾರ ನಮ್ಮ ಕ್ರೆಡಿಟ್ ಯೂನಿಯನ್ನಿಗೆ (ಬ್ಯಾಂಕಿನ ಹಾಗೆ ಉಳಿತಾಯ, ಸಾಲ ನೋಡಿಕೊಳ್ಳುವ ಸಂಸ್ಥೆ) ಒಂದು ಫಲಕ ಬಂತು. ಅಮೆರಿಕದ ಒಹಾಯೊ ರಾಜ್ಯ ಮಟ್ಟದ ಡೆಜಾರ್ಡಾಂ ಪ್ರಶಸ್ತಿ, ಎರಡನೇ ಸ್ಥಾನ. ಶಾಲೆ ಮಕ್ಕಳಿಗೆ ದುಡ್ಡಿನ ಲೆಕ್ಕಾಚಾರ ಕಲಿಸುವ ಕ್ರೆಡಿಟ್ ಯೂನಿಯನ್‌ಗಳಿಗೆ ಕೊಡುವ ಪ್ರಶಸ್ತಿ ಇದು. ವಾಟ್ಸಾಪಿನಲ್ಲಿ ಫೋಟೊ ನೋಡಿ ತುಂಬಾ ಜನ ನನಗೇ ಅಭಿನಂದನೆ ಹೇಳಿದಿರಿ. ಫಲಕ ಹಿಡಿದು ನಿಂತವಳು ನಾನೇ, ನಿಜ. ಮ್ಯಾನೇಜರ್ ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದಿದ್ದರು, ಹಾಗಾಗಿ ಅದು ನನ್ನ ಕೈಗೆ ಬಂತು, ಅಷ್ಟೆ.

ಅದಕ್ಕೇ ಈ ಬರಹ. ಥ್ಯಾಂಕ್ಸ್ ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಲಿ.

ಮೊದಲನೆಯದು ಕೌಂಟರಿನಲ್ಲಿ ಕೂರುತ್ತಿದ್ದ ಆ ಹಿರಿಯ ಹೆಂಗಸಿಗೆ. 2017ರಲ್ಲಿ ಎಚ್4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾ ಆಧಾರದ ಮೇಲೆ, ಬಂದ ನನಗೆ ಇಲ್ಲಿ ಸಂಬಳವೂ ಇರಲಿಲ್ಲ, ಕ್ರೆಡಿಟ್ ಸ್ಕೋರೂ ಇರಲಿಲ್ಲ. ಒಂದು ದೊಡ್ಡ ಬ್ಯಾಂಕಿನಲ್ಲಿ ಕಾರ್ಡ್ ಕೇಳಿದೆ. ಕಂಪ್ಯೂಟರ್ ನೋಡಿ, ನಗುತ್ತಲೇ ಇಲ್ಲ ಅಂದರು. ಸಾಲ ಮಾಡಿ ತೀರಿಸಿದ ದಾಖಲೆ ಇಲ್ಲದಿದ್ದರೆ ಸಾಲ ಇಲ್ಲ. ಸಾಲ ಸಿಗದೆ ದಾಖಲೆ ಎಲ್ಲಿಂದ ತರೋದು? ಬೇಜಾರಿನಲ್ಲಿ ಕ್ರೆಡಿಟ್ ಯೂನಿಯನ್ನಿಗೆ ಹೋದರೆ ಈ ಹೆಂಗಸು ಕುರ್ಚಿ ಕೊಟ್ಟು ಕೂರಿಸಿದರು. ಐದು ಡಾಲರ್ ಷೇರು ಕಟ್ಟಿಸಿಕೊಂಡು ಸದಸ್ಯೆ ಮಾಡಿದರು. ಆಮೇಲೆ ನಾನಿಟ್ಟ 500 ಡಾಲರನ್ನೇ ಅಡ ಇಟ್ಟುಕೊಂಡು ಅಷ್ಟೇ ಸಾಲ ಕೊಟ್ಟರು. ಹನ್ನೆರಡು ಕಂತು ತೀರಿಸುವ ಹೊತ್ತಿಗೆ ನನ್ನದೂ ಒಂದು ದಾಖಲೆ ಆಗಿತ್ತು.

ಸದಸ್ಯೆ ಆದ ದಿನ ರಾತ್ರಿ ಅಪ್ಪನಿಗೆ ಫೋನು ಮಾಡಿ ಹೇಳಿದೆ. ಷೇರು ಕಟ್ಟಿದವರೇ ಮಾಲೀಕರಂತೆ, ಎಷ್ಟು ದುಡ್ಡು ಇಟ್ಟಿದ್ದರೂ ಒಬ್ಬರಿಗೆ ಒಂದೇ ಓಟಂತೆ, ವರ್ಷಕ್ಕೊಮ್ಮೆ ಸದಸ್ಯರ ಸಭೆಯಂತೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಅದು ನಮ್ಮ ಸೊಸೈಟಿನ ಅಲ್ಲೇನವಾ?" ಅಂದರು.

ಹೌದಲ್ವಾ! ನಮ್ಮೂರು ಗದಗ ತಾಲ್ಲೂಕಿನದು. ಪಕ್ಕದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲೇ ಸಹಕಾರಿ ಪತ್ತಿನ ಸಂಘ ಕಟ್ಟಿದ್ದರು. ಅಪ್ಪನ ಷೇರು ಸರ್ಟಿಫಿಕೇಟು ಇವತ್ತಿಗೂ ಟ್ರಂಕಿನಲ್ಲಿ ಮದುವೆ ಫೋಟೊಗಳ ಕೆಳಗಿದೆ. ಇಲ್ಲಿ ಬಂದ ಮೇಲೆ ಓದಿದೆ: ಬಾಸ್ಟನ್ನಿನ ವ್ಯಾಪಾರಿ ಎಡ್ವರ್ಡ್ ಫಿಲೀನ್ 1907ರಲ್ಲಿ ಭಾರತ ಸುತ್ತುವಾಗ ನಮ್ಮ ಹಳ್ಳಿಗಳ ಸಹಕಾರಿ ಸಂಘಗಳನ್ನು ಕಣ್ಣಾರೆ ನೋಡಿದ್ದರಂತೆ. ಊರಿಗೆ ಮರಳಿ, 1909ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಕ್ರೆಡಿಟ್ ಯೂನಿಯನ್ ಕಾಯ್ದೆ ಬರಲು ದುಡಿದರು. ಫಿಲೀನ್ ನೋಡಿದ್ದು ಬಂಗಾಳದ ಕಡೆಯ ಸಂಘಗಳನ್ನು, ಗದಗಿನದಲ್ಲ. ಅಪ್ಪನಿಗೆ ಆ ತಿದ್ದುಪಡಿ ನಾನಿನ್ನೂ ಹೇಳಿಲ್ಲ.

ನಮಗೆ ಬಂದ ಪ್ರಶಸ್ತಿಗೆ ಯಾರ ಹೆಸರಿದೆಯೋ ಆ ಅಲ್ಫಾನ್ಸ್ ಡೆಜಾರ್ಡಾಂ ಕೆನಡಾದ ಸಂಸತ್ತಿನಲ್ಲಿ ಶೀಘ್ರಲಿಪಿಕಾರ. 1900ರಲ್ಲಿ ಕ್ವಿಬೆಕ್‌ನ ಲೆವಿ ಊರಲ್ಲಿ ಜನರ ಉಳಿತಾಯ ಸಂಘ ಶುರು ಮಾಡಿದವರು. ಅವರು ಅಧಿವೇಶನಕ್ಕೆ ಒಟ್ಟಾವಾಕ್ಕೆ ಹೋದಾಗ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಹೆಂಡತಿ ಡೊರಿಮೆನ್. ಫಲಕದ ಮೇಲೆ ಆಕೆಯ ಹೆಸರಿಲ್ಲ. ನಾನಂತೂ ಮನಸ್ಸಿನಲ್ಲಿ ಸೇರಿಸಿಕೊಂಡೇ ಓದುತ್ತೇನೆ. ಸಮಾಜ ಸೇವೆಗೆ ಕೊಡುವ ಇನ್ನೊಂದು ಪ್ರಶಸ್ತಿಗೆ ಡೋರಾ ಮ್ಯಾಕ್ಸ್‌ವೆಲ್ ಅನ್ನುವ ಹೆಣ್ಣುಮಗಳ ಹೆಸರಿದೆ. ಅದಕ್ಕೂ ಅರ್ಜಿ ಹಾಕಿದ್ದೆವು, ಬರಲಿಲ್ಲ.

ಈಗ ಮಕ್ಕಳಿಗೆ ದುಡ್ಡಿನ ಲೆಕ್ಕಾಚಾರ ಕಲಿಸಲು ನಾವು ನಡೆಸುವ ಮೇಳದ ವಿಷಯ. ಫಲಕ ತಂದುಕೊಟ್ಟಿದ್ದೇ ಅದು. ಹೈಸ್ಕೂಲಿನ ಜಿಮ್‌ನಲ್ಲಿ ಸುತ್ತ ಮೇಜು ಹಾಕುತ್ತೇವೆ. ಪ್ರತಿ ಮಗುವೂ ಒಂದು ಕೆಲಸ ಆರಿಸಿಕೊಳ್ಳಬೇಕು. ಅದರ ತಿಂಗಳ ಸಂಬಳ ಚೀಟಿಯಲ್ಲಿ ಬರೆದುಕೊಡುತ್ತೇವೆ. ಆಮೇಲೆ ಮನೆ, ಕಾರು, ಊಟ, ಬಟ್ಟೆ, ಫೋನು ಅಂತ ಮೇಜಿಂದ ಮೇಜಿಗೆ ಹೋಗಿ ತಿಂಗಳು ದಾಟಬೇಕು. ನನ್ನದು ಬಾಡಿಗೆ ಮೇಜು.

ಈ ಸಲ ಒಬ್ಬ ಹುಡುಗ ಬಂದ. ಕೈಗೆ ಬರುವ ಸಂಬಳ 2,350 ಡಾಲರ್. ಮೊದಲು ಹೋಗಿದ್ದೇ ಕಾರಿನ ಮೇಜಿಗೆ. ಅಲ್ಲಿ ಕೂತಿದ್ದವರು ನಮ್ಮ ಯಜಮಾನರು, ದಾಕ್ಷಿಣ್ಯವಿಲ್ಲದೆ ಹೊಸ ಟ್ರಕ್ ಮಾರಿಬಿಟ್ಟರು. ಕಂತು 720, ವಿಮೆ 180. ನನ್ನ ಹತ್ತಿರ 950ಕ್ಕೆ ತನ್ನೊಬ್ಬನಿಗೇ ಒಂದು ಮನೆ ತಗೊಂಡ. ಓದಿನ ಸಾಲ, ಫೋನು, ಪೆಟ್ರೋಲು ಎಲ್ಲ ಕಳೆದು ಊಟದ ಮೇಜಿಗೆ ಹೋದಾಗ ಉಳಿದದ್ದು 40 ಡಾಲರ್. ಚೀಟಿ ತಿರುಗಿಸಿ ಹಿಂಭಾಗ ನೋಡಿದ, ಅಲ್ಲೇನಾದರೂ ದುಡ್ಡು ಇರಬಹುದು ಅನ್ನುವ ಹಾಗೆ. ಮತ್ತೆ ನನ್ನ ಹತ್ತಿರ ಬಂದು, ಇನ್ನಿಬ್ಬರ ಜೊತೆ ಮನೆ ಹಂಚಿಕೊಂಡರೆ ಎಷ್ಟು ಅಂತ ಮೆಲ್ಲಗೆ ಕೇಳಿದ. ಟ್ರಕ್ ವಾಪಸ್ ಕೊಟ್ಟು ಹಳೇ ಕಾರು ತಗೊಂಡ. ಕೊನೆಗೆ ಅನಿರೀಕ್ಷಿತ ಖರ್ಚು ತೋರಿಸುವ ಅದೃಷ್ಟದ ಚಕ್ರ ತಿರುಗಿಸಿದರೆ ಬಂತು: ಹಲ್ಲು ಮುರಿದಿದೆ, 300 ಡಾಲರ್. "ನಾನು ದಿನಾ ಹಲ್ಲುಜ್ಜುತ್ತೀನಿ!" ಅಂತ ಕೂಗಿದ್ದು ಇಡೀ ಜಿಮ್‌ಗೆ ಕೇಳಿಸಿತು.

ಆ ಮೇಜುಗಳ ಹಿಂದೆ ಕೂತವರಿಗೆಲ್ಲ ಥ್ಯಾಂಕ್ಸ್. ಕನ್ನಡ ಸಂಘದ ಅಕ್ಕಂದಿರು ರಜೆ ಹಾಕಿ ಬಂದಿರಿ, ಐವತ್ತು ಜನಕ್ಕೆ ಚಿತ್ರಾನ್ನ ಬೇರೆ ತಂದಿರಿ. ಗಣಿತದ ಮೇಷ್ಟ್ರು ತಮ್ಮ ಎರಡು ಪೀರಿಯಡ್ ಬಿಟ್ಟುಕೊಟ್ಟರು. ಸಂಬಳವಿಲ್ಲದ ಆಡಳಿತ ಮಂಡಳಿಯವರು ಸಂಜೆ ಉಳಿದು ಕುರ್ಚಿ ಮಡಚಿಟ್ಟರು. ಯಜಮಾನರಿಗೂ ಥ್ಯಾಂಕ್ಸ್, ಅವರು ಮಾರಿದ ಟ್ರಕ್‌ಗಳ ಲೆಕ್ಕ ಬೇಡ.

ಇನ್ನೊಂದು ಖುಷಿ ಇದೆ. ಎರಡು ವರ್ಷದ ಹಿಂದೆ ಇದೇ ಮೇಳದಲ್ಲಿ ಅತ್ತುಬಿಟ್ಟಿದ್ದ ಹುಡುಗಿಗೆ ಈ ಸಲ ನಮ್ಮ ಕ್ರೆಡಿಟ್ ಯೂನಿಯನ್ನಿನ ಸ್ಕಾಲರ್‌ಶಿಪ್ ಸಿಕ್ಕಿದೆ. ಸಾವಿರ ಡಾಲರ್. ಇಲ್ಲಿನ ಕಾಲೇಜು ಫೀಸಿನ ಮುಂದೆ ಅದು ಏನೂ ಅಲ್ಲ, ಪುಸ್ತಕಕ್ಕಾದೀತು. ಅರ್ಜಿಯ ಪ್ರಬಂಧದಲ್ಲಿ ಅವಳು ಅವರಮ್ಮನ ಕರೆಂಟ್ ಬಿಲ್ಲುಗಳನ್ನು ತಿಂಗಳುವಾರು ಜೋಡಿಸಿಟ್ಟ ಕಥೆ ಬರೆದಿದ್ದಳು. ಓದಿದ ಸಮಿತಿಯಲ್ಲಿ ನಾನೂ ಇದ್ದೆ. ಮೂರು ಜನ ಸೇರಿ ನಿರ್ಧರಿಸಲು ಐದು ನಿಮಿಷ ಸಾಕಾಯಿತು.

ಕೌಂಟರಿನ ಆ ಹಿರಿಯರು ಈಗ ನಿವೃತ್ತರು. ಫಲಕ ತೋರಿಸಲು ಅವರ ಮನೆಗೆ ಹೋಗಿದ್ದೆ. ನನ್ನ ಹೆಸರು ಅವರಿಗೆ ನೆನಪಿರಲಿಲ್ಲ. "ಹನ್ನೆರಡು ಕಂತೂ ಟೈಮಿಗೆ ಕಟ್ಟಿದವಳು" ಅಂದೆ. ಆಗ ನೆನಪಾಯಿತು.

ಅಪ್ಪನಿಗೂ ಫೋಟೊ ಕಳಿಸಿದ್ದೆ. ಕನ್ನಡಕ ಏರಿಸಿಕೊಂಡು, ದೊಡ್ಡದು ಮಾಡಿ ನೋಡಿ ಫೋನು ಮಾಡಿದರು. "ಭಾಳ ಚಲೋ ಆತವಾ. ಮೊದಲನೇ ನಂಬರ್ ಯಾರಿಗ್ ಬಂತು?"