ಭಾನುವಾರದ ಫೋಟೋ ನೋಡಿ ಬೈಯಬೇಡಿ

ಮಾನ್ಯ ಸಂಪಾದಕರೇ,

‘ಓದೋಕೆ ಅಂತ ವಿದೇಶಕ್ಕೆ ಹೋದ ಮಕ್ಕಳು ವಾರ ವಾರ ಊರು ಸುತ್ತುತ್ತಾರೆ, ಇಲ್ಲಿ ಅಪ್ಪ ಅಮ್ಮ ಸಾಲ ಕಟ್ಟುತ್ತಾರೆ’ ಎಂದು ಓದುಗರೊಬ್ಬರು ಈಚೆಗೆ ಇದೇ ಅಂಕಣದಲ್ಲಿ ಬರೆದಿದ್ದರು. ನಾನು ಜರ್ಮನಿಯ ಕೊಲೋನ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ. ಆ ಪತ್ರದ ಫೋಟೋವನ್ನು ಅಪ್ಪ ನನಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರು, ಜೊತೆಗೆ ಒಂದು ಮಾತೂ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸುತ್ತುತ್ತೇವೆ, ನಿಜ. ಆದರೆ ಅದಕ್ಕೆ ಮನೆಯ ದುಡ್ಡು ಖರ್ಚಾಗುತ್ತದೆ ಅನ್ನುವುದು ತಪ್ಪು. 2023ರ ಮೇ ತಿಂಗಳಲ್ಲಿ ಇಲ್ಲಿ ತಿಂಗಳಿಗೆ 49 ಯೂರೋಗೆ ಇಡೀ ದೇಶ ಓಡಾಡುವ ಟಿಕೆಟ್ ಶುರುವಾಯಿತು. ಆಮೇಲೆ ಅದರ ಬೆಲೆ ಏರಿದೆ, ಆದರೂ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಅದು ಶೇ 60ರ ದರಕ್ಕೆ ಸೆಮಿಸ್ಟರ್ ಫೀಯಲ್ಲೇ ಸೇರಿ ಬರುತ್ತದೆ. ದಿನಾ ಕ್ಲಾಸಿಗೆ ಹೋಗೋದೂ ಅದರಲ್ಲೇ. ಐಸಿಇಯಂಥ ವೇಗದ ರೈಲಿಗೆ ಅದು ನಡೆಯುವುದಿಲ್ಲ, ನಿಧಾನದ ರೈಲುಗಳಲ್ಲೇ ಹೋಗಬೇಕು. ಬೆಳಿಗ್ಗೆ ಬೇಗ ಎದ್ದು, ಬ್ರೆಡ್ ಕಟ್ಟಿಕೊಂಡು, ಸಂಜೆ ವಾಪಸ್. ಇದೇ ನಮ್ಮ ಯೂರೋಪ್ ಪ್ರವಾಸ.

ಫೋಟೋದಲ್ಲಿ ಕಾಣದ ಆರು ದಿನಗಳಿವೆಯಲ್ಲ, ಅವುಗಳ ಬಗ್ಗೆ ಯಾರೂ ಕೇಳುವುದಿಲ್ಲ. ಎಷ್ಟೋ ವಿಷಯಗಳಲ್ಲಿ ಸೆಮಿಸ್ಟರ್ ಕೊನೆಯ ಒಂದೇ ಪರೀಕ್ಷೆಯಲ್ಲಿ ಎಲ್ಲ ತೀರ್ಮಾನ. ಇಲ್ಲಿ ಗ್ರೇಡ್ ಕಡಿಮೆ ಇದ್ದಷ್ಟೂ ಒಳ್ಳೆಯದು: 4.0 ಬಂದರೆ ಪಾಸು, 5.0 ಅಂದರೆ ಫೇಲು. ಎಷ್ಟೋ ಕೋರ್ಸುಗಳಲ್ಲಿ ಒಂದೇ ವಿಷಯ ಮೂರು ಸಲ ಹೋದರೆ ಕೋರ್ಸೇ ಹೋಯಿತು. ನಮಗೆ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅನುಮತಿ ಇದೆ. ನಾನು ಶುಕ್ರವಾರ, ಶನಿವಾರ ಒಂದು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತೇನೆ. ಉಳಿಯೋದು ಭಾನುವಾರ ಒಂದೇ.

ಮೊದಲ ಚಳಿಗಾಲದಲ್ಲಿ ನಾನು ಎಲ್ಲೂ ಹೋಗಲಿಲ್ಲ, ದುಡ್ಡು ಉಳಿಸೋಣ ಅಂತ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಬೀದಿ ಖಾಲಿ. ಒಂದು ಸೋಮವಾರ ಬೆಳಿಗ್ಗೆ ಕ್ಲಾಸಿನಲ್ಲಿ ಮಾತಾಡಲು ಹೋದಾಗ ಗಂಟಲು ಕಟ್ಟಿಕೊಂಡಿತ್ತು, ಯಾಕೆ ಅಂದರೆ ಶನಿವಾರ ರಾತ್ರಿ ಕೆಲಸ ಮುಗಿದ ಮೇಲೆ ನಾನು ಯಾರ ಜೊತೆಗೂ ಒಂದು ಮಾತು ಆಡಿರಲೇ ಇಲ್ಲ. ಅವತ್ತು ನಿಜಕ್ಕೂ ಹೆದರಿಕೆ ಆಯಿತು. ಇದನ್ನು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಆಮೇಲೆ ರೂಮ್‌ಮೇಟ್ ಜೊತೆ ಹೊರಟಿದ್ದು ಶೆಂಗನ್‌ಗೆ. ಕೊಬ್ಲೆಂಟ್ಸ್, ಟ್ರಿಯರ್ ಮೇಲೆ ರೈಲು ಬದಲಿಸುತ್ತಾ ಗಡಿಯಲ್ಲಿರುವ ಪೆರ್ಲ್ ಊರಿನ ತನಕ ನಾಲ್ಕು ಗಂಟೆಗೂ ಜಾಸ್ತಿ. ಮೊಸೆಲ್ ನದಿಯ ಪಕ್ಕದಲ್ಲಿ ಹೋಗುವಾಗ ಎದುರು ಸೀಟಿನ ಅಜ್ಜಿ ಕಡಿದಾದ ದ್ರಾಕ್ಷಿ ತೋಟಗಳನ್ನು ತೋರಿಸಿ, ಚಿಕ್ಕಂದಿನಲ್ಲಿ ಬೆನ್ನಿಗೆ ಬುಟ್ಟಿ ಹೊತ್ತು ಕೊಯ್ಲಿಗೆ ಹೋಗುತ್ತಿದ್ದ ಕತೆ ಹೇಳಿದರು. ಅರ್ಧ ಅರ್ಥವಾಯಿತು, ಅರ್ಧ ಕೈ ಸನ್ನೆಯಲ್ಲಿ. ನಮ್ಮ ಕೋರ್ಸ್ ಇಂಗ್ಲಿಷಿನಲ್ಲಿ, ಹಾಗಾಗಿ ಜರ್ಮನ್‌ನಲ್ಲಿ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಪೆರ್ಲ್‌ನಲ್ಲಿ ಇಳಿದು ಸೇತುವೆ ದಾಟಿದರೆ ಲಕ್ಸೆಂಬರ್ಗ್. ವೀಸಾ, ವೀಸಾ ಅಂತ ಓಡಾಡುವಾಗ ಎಷ್ಟು ಸಲ ಕೇಳಿದ್ದ ಹೆಸರು ಶೆಂಗನ್! ನೋಡಿದರೆ ನದಿ ದಡದ ಪುಟ್ಟ ಹಳ್ಳಿ. 1985ರ ಜೂನ್ 14ರಂದು ಐದು ದೇಶಗಳು ಇಲ್ಲೇ, ಒಂದು ಹಡಗಿನಲ್ಲಿ ಕೂತು, ತಮ್ಮ ನಡುವಿನ ಗಡಿ ತಪಾಸಣೆಯನ್ನು ಹಂತಹಂತವಾಗಿ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದವು. ಅಲ್ಲಿಂದ ಸ್ವಲ್ಪ ನಡೆದರೆ ಫ್ರಾನ್ಸ್. ಆ ಸೇತುವೆ ಮೇಲೆ ತೆಗೆದ ಫೋಟೋವನ್ನೇ ನೆಂಟರೊಬ್ಬರು ನೋಡಿ, ‘ಮಜಾ ಮಾಡ್ತಿದ್ದಾಳೆ’ ಅಂದರಂತೆ.

ಹೊಸದಾಗಿ ಬರುವವರಿಗೆ ಒಂದು ಮಾತು. ಎಲ್ಲಿಗೆ ಹೊರಟರೂ ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಎರಡೂ ಜೊತೆಗಿರಲಿ. 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ಮತ್ತೆ ತಪಾಸಣೆ ತಂದಿತು. ವಾಪಸ್ ಬರಲು ಕೊನೆಯ ರೈಲು ನೆಚ್ಚಿಕೊಳ್ಳಬೇಡಿ. ನಾವು ಹಾಗೆ ಮಾಡಿ, ಅದು ರದ್ದಾಗಿ, ಕೊಬ್ಲೆಂಟ್ಸ್ ಪ್ಲಾಟ್‌ಫಾರ್ಮ್‌ನಲ್ಲಿ ರಾತ್ರಿ ಪೂರ್ತಿ ಚಳಿಯಲ್ಲಿ ಕೂತಿದ್ದೆವು.

ಅಪ್ಪ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ಗುರುವಾರ ಪರೀಕ್ಷೆ ಇದೆ. ಈ ಭಾನುವಾರ ಲೈಬ್ರರಿಯಲ್ಲಿರುತ್ತೇನೆ, ಸಂಜೆ ಫೋನ್ ಮಾಡುತ್ತೇನೆ.

— ಒಬ್ಬ ವಿದ್ಯಾರ್ಥಿನಿ, ಕೊಲೋನ್, ಜರ್ಮನಿ